ಮುಂದಿನ ಸೀಟಿನಲ್ಲಿ ಮಗಳು

ಐದು ತಿಂಗಳ ಮಗಳನ್ನು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಕರೆತಂದ ದಿನದ ಬಗ್ಗೆ ನಾನೂ ನನ್ನ ಹೆಂಡತಿಯೂ ಒಂದೇ ಕಥೆ ಹೇಳುವುದಿಲ್ಲ. ಇದು ನನ್ನದು. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕೂಡಿಸಿಕೊಂಡದ್ದು ಎಂಬುದನ್ನು ಪ್ರಮಾಣ ಮಾಡಿ ಹೇಳಲಾರೆ.

ಬಾಣಂತನ ಮುಗಿಸಿ ಹೊರಟ ಮಗಳ ಗಾಡಿಯಲ್ಲಿ ತವರಿನವರು ಖಾಲಿ ಜಾಗ ಬಿಡುವುದಿಲ್ಲ. ಬಿಚ್ಚಿದ ತೊಟ್ಟಿಲು, ಕೌದಿ, ಉಂಡಿಯ ಡಬ್ಬಿಗಳು ಡಿಕ್ಕಿ ಸೇರಿದವು. ಮಾವನವರದು ಮೆಣಸಿನಕಾಯಿ ವ್ಯಾಪಾರ. ವರ್ಷಕ್ಕಾಗುವಷ್ಟು ಕಾಯಿ ತುಂಬಿದ ಚೀಲ ಹಿಂದಿನ ಸೀಟಿನ ಒಂದು ಬದಿ ಹಿಡಿಯಿತು. ಅದರ ಪಕ್ಕ ನಾನು ಆಗಲೇ ಕೂಸಿನ ಸೀಟನ್ನು ಬಿಗಿದಿದ್ದೆ. ಮಗಳನ್ನು ಅದರಲ್ಲಿ ಮಲಗಿಸಿದ ಕೂಡಲೇ ಸೀನಲು ಶುರು ಮಾಡಿದಳು.

ನಮ್ಮ ಕಾಯಿಗೆ ಬಣ್ಣ ಇರುತ್ತದೆ, ಘಾಟು ಇರುವುದಿಲ್ಲ ಎಂದು ಮಾವ ವಾದಿಸಿದರು. ಅವರೆದುರು ಆ ಚೀಲಕ್ಕೆ ಬಟ್ಟೆ ಸುತ್ತುವುದೆಂದರೆ ಅವರ ಮಾಲಿಗೆ ಹೆಸರಿಟ್ಟಂತೆ, ಕೆಟ್ಟದ್ದೆಂದು ಹಳಿದಂತೆ. ಯಾರೂ ಸುತ್ತಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ನಮ್ಮ ಮಕ್ಕಳೆಲ್ಲಾ ಉಡ್ಯಾಗ ಕುಂತ ದೊಡ್ಡವಾದವು. ನಿಮ್ಮ ಮಗಳಿಗೆ ಸಿಂಹಾಸನನ ಬೇಕಂದ್ರ ಮುಂದ ಹಾಕ್ರಿ" ಎಂದರು.

ಮುಂದೆ ಹಾಕಿದೆ. ಅಷ್ಟು ಚಿಕ್ಕ ಮಕ್ಕಳ ಸೀಟು ಹಿಂಬದಿಗೆ ಮುಖ ಮಾಡಿರುತ್ತದೆ. ಮುಂದಿನ ಸೀಟಿನಲ್ಲಿಟ್ಟರೆ ಅದರ ಬೆನ್ನು ಡ್ಯಾಶ್‌ಬೋರ್ಡಿಗೆ ಹತ್ತಿರ ಬರುತ್ತದೆ. ಏನಾದರೂ ಗುದ್ದಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ, ದೊಡ್ಡವರನ್ನು ಉಳಿಸುವ ಆ ಗಾಳಿಚೀಲವೇ ಕೂಸಿನ ತಲೆಗೆ ಹೊಡೆತ. ಇದನ್ನು ಓದಿ ತಿಳಿದಿದ್ದೆ. ನಮ್ಮ ಕಾರಿನಲ್ಲಿ ಎಡಬಾಗಿಲು ತೆರೆದರೆ ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ ಒಂದು ಕೀಲಿಕಿಂಡಿ, ಅದರ ಸುತ್ತ ಆನ್, ಆಫ್ ಎಂಬ ಗುರುತು ಕಾಣುತ್ತದೆ. ಕೀಲಿ ತಿರುವಿ ಏರ್‌ಬ್ಯಾಗ್ ಆಫ್ ಮಾಡಿದೆ. ಆಫ್ ಆದಾಗ ಹತ್ತಬೇಕಾದ ದೀಪ ಮಾತ್ರ ಕೆಟ್ಟು ಬಹಳ ಕಾಲವಾಗಿತ್ತು.

ಹೊರಡುವ ಹೊತ್ತಿಗೆ ಅತ್ತೆಯ ಅಕ್ಕನನ್ನು ಅವರ ಮನೆಗೆ ಬಿಟ್ಟುಬರಬೇಕಾಯಿತು. ಮೊಣಕಾಲು ನೋವಿನ ಹೆಂಗಸು, ಮುಂದೆಯೇ ಕೂರಬೇಕು. ಕೂಸಿನ ಸೀಟು ಬಿಚ್ಚಿದೆ, ಅವರಿಗಾಗಿ ಏರ್‌ಬ್ಯಾಗ್ ಮತ್ತೆ ಆನ್ ಮಾಡಿದೆ. ತಿರುಗಿ ಬಂದು ಸೀಟು ಬಿಗಿದೆ, ಆರತಿ ಆಯಿತು, ಹೊರಟೆವು.

ಮಗಳು ನನ್ನ ಪಕ್ಕದಲ್ಲೇ ಕೈಕಾಲು ಆಡಿಸುತ್ತಿದ್ದಳು. ಹೆಂಡತಿ ಹಿಂದೆ, ಚೀಲದ ಪಕ್ಕ, ಮೂಗಿಗೆ ಸೆರಗು. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದಾಗ ಒಂದು ಲಾರಿ ಒಮ್ಮೆಲೇ ಬ್ರೇಕ್ ಹಾಕಿತು. ನಾನೂ ಹಾಕಿದೆ, ಏನೂ ಆಗಲಿಲ್ಲ. ಆದರೆ ಆಗಲೇ ಪ್ರಶ್ನೆ ಹುಟ್ಟಿದ್ದು: ಎರಡನೆಯ ಸಲ ಆಫ್ ಮಾಡಿದೆನೋ ಇಲ್ಲವೋ? ಕೀಲಿ ತಿರುವಿದ್ದು ಸ್ಪಷ್ಟವಾಗಿ ನೆನಪಿತ್ತು. ಬೆರಳಿಗೆ ಅದು ಗಟ್ಟಿ ಅನಿಸಿದ್ದೂ ನೆನಪಿತ್ತು. ಆ ನೆನಪು ಮೊದಲನೆಯ ಸಲದ್ದೂ ಆಗಿರಬಹುದಲ್ಲ. ಧಾರವಾಡದಲ್ಲಿ ಓದುವಾಗ ಸಾಕ್ಷಿಯಿಲ್ಲದ್ದನ್ನು ನಂಬಬೇಡ ಎಂದು ಕಲಿತಿದ್ದೆ. ನಾನೊಬ್ಬನೇ ಸಾಕ್ಷಿಯಾದರೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಎಡಬಾಗಿಲು ತೆರೆದೆ. ಗಡಿಬಿಡಿಯಲ್ಲಿ ಕಣ್ಣಿಗಿಂತ ಮೊದಲು ಕೈ ಹೋಯಿತು. ಕೀಲಿ ಹಾಕಿ ತಿರುವಿದೆ, ಬಹುಶಃ ಇನ್ನೊಮ್ಮೆಯೂ ತಿರುವಿದೆ, ಆಮೇಲೆ ಓದಿದೆ. ಆಫ್.

"ಮೊದಲ ಏನಿತ್ತು?" ಎಂದಳು ಹೆಂಡತಿ. ಎಷ್ಟು ಸಲ ತಿರುವಿದೆ ಎಂಬುದೇ ನನಗೆ ಖಾತ್ರಿ ಇರಲಿಲ್ಲ. ಗೊತ್ತಾಗಲಿಲ್ಲ ಎಂದೆ.

"ನೋಡಾಕಂತ ಇಳದು ನೋಡೂದ ಬಿಟ್ರಿ?"

ಈಗ ಆಫ್ ಇದೆ, ಕಣ್ಣಾರೆ ಕಂಡಿದ್ದೇನೆ ಎಂದೆ. ಅವಳು ಆಗಲೇ ಇಳಿದಿದ್ದಳು. "ಊರು ಮುಟ್ಟೂದ್ರಾಗ ಮತ್ತ ನಿಲ್ಲಸ್ತೀರಿ. ನಿಮ್ಮ ನೆಪ್ಪಿನ ಮ್ಯಾಲೆ ನನ್ನ ಕೂಸಿನ್ನ ಕುಂದರ್ಸೂದು ಬ್ಯಾಡ. ಚೀಲ ಮುಂದ ತರ್ರಿ."

ಡಿಕ್ಕಿಯಿಂದ ಕೌದಿ ತೆಗೆದು ಚೀಲಕ್ಕೆ ಎರಡು ಸುತ್ತು ಸುತ್ತಿದೆವು. ಮಾವ ಅಲ್ಲಿರಲಿಲ್ಲ. ಕೂಸಿನ ಸೀಟನ್ನು ಹಿಂದೆ ಬಿಗಿದು, ಎಳೆದು, ಅಲುಗಾಡಿಸಿ ನೋಡಿದೆ. ಹೆಂಡತಿಯೂ ಎಳೆದು ನೋಡಿದಳು. ಗಾಡಿ ಚಾಲೂ ಆದ ಕೂಡಲೇ ಮುಂದಿನ ಸೀಟು ಬೆಲ್ಟ್ ಹಾಕೆಂದು ಕೂಗಲು ಶುರುಮಾಡಿತು. ಮೆಣಸಿನಕಾಯಿಗೆ ಬೆಲ್ಟ್ ಹಾಕಿದೆ. ಹೆಂಡತಿ ಫೋನಿನಲ್ಲಿ ತಾಯಿಗೆ ಅದನ್ನೇ ಹೇಳಿ ನಕ್ಕಳು.

ಕೀಲಿ ಮೊದಲೇ ಆಫ್ ಇತ್ತು, ಬ್ಯಾಡಗಿಯಲ್ಲಿ ನಾನು ತಿರುವಿದ್ದನ್ನು ತಾನೇ ನೋಡಿದ್ದೆ ಎಂದು ಅವಳು ಈಗ ಹೇಳುತ್ತಾಳೆ. ಯಾವ ಸಲ ತಿರುವಿದ್ದು ಎಂದು ಕೇಳಿದರೆ ಮೆಣಸಿನಕಾಯಿಗೆ ಬೆಲ್ಟ್ ಹಾಕಿದ ಮಾತು ತೆಗೆಯುತ್ತಾಳೆ.

ಅಂದು ದಾರಿಯುದ್ದಕ್ಕೂ ನನಗೆ ಮಗಳು ಕಾಣಲಿಲ್ಲ. ಕನ್ನಡಿಯಲ್ಲಿ ಸೀಟಿನ ಬೆನ್ನಷ್ಟೇ. ಏನು ಮಾಡುತ್ತಿದ್ದಾಳೆ ಎಂದು ಮತ್ತೆ ಮತ್ತೆ ಕೇಳಿದೆ.

"ಮಲಗ್ಯಾಳ," ಎಂದಳು ಹೆಂಡತಿ. "ರಸ್ತೆ ನೋಡ್ರಿ."

ನೋಡಿದೆ.