ಕೊನೆಯ ಹಾಳೆಗಳನ್ನು ಹುಡುಕಿದ ಇಂದೂಬಾಯಿ

ಮರಳಿ ಬಂದ ಪುಸ್ತಕವನ್ನು ಇಂದೂಬಾಯಾರು ಮೊದಲು ಮೂಸಿ ನೋಡುತ್ತಿದ್ದರು. ಆಮೇಲೆ ಅದನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಎರಡು ಸಲ ಕೊಡವುತ್ತಿದ್ದರು. ಶೇಂಗಾ ಸಿಪ್ಪೆ, ಬಸ್ ಟಿಕೆಟ್, ಕೂದಲೆಳೆ, ಉದುರಿದ್ದೆಲ್ಲ ಅವರಿಗೆ ಸುದ್ದಿಯೇ. ಒಮ್ಮೆ ನಾನು ತಂದ ಕಾದಂಬರಿಯನ್ನು ಮೂಸಿದವರೇ, "ಮಂಡಿನೋವು ಈಗ ಹ್ಯಾಂಗೈತ್ರಿ ಮಾಸ್ತರ?" ಎಂದರು. ಮುಲಾಮು ಹಚ್ಚಿದ ಕೈಯಲ್ಲೇ ಓದಿದ್ದೆ. ನಾಚಿಕೆಯಾಗಿ, ಅಂದಿನಿಂದ ಪುಸ್ತಕ ಮುಟ್ಟುವ ಮೊದಲು ಕೈ ತೊಳೆಯುವುದನ್ನು ರೂಢಿಸಿಕೊಂಡೆ.

ಹೂವಿನ ಹಿಪ್ಪರಗಿಯ ಗ್ರಂಥಾಲಯವೆಂದರೆ ಒಂದು ಕೋಣೆ, ಆರು ಕಪಾಟು ಮತ್ತು ಇಂದೂಬಾಯಾರು. ನಾನು ಸಾಲೋಟಗಿಯವನು, ಹಿಪ್ಪರಗಿಯ ಶಾಲೆಗೆ ಹೊಸ ಮಾಸ್ತರನಾಗಿ ಬಂದಿದ್ದೆ. ಬಾಯಾರಿಗೆ ಮನೆಯಲ್ಲಿ ಮರಾಠಿ, ಗ್ರಂಥಾಲಯದಲ್ಲಿ ಕನ್ನಡ. ಸಿಟ್ಟು ಬಂದರೆ ಎರಡೂ. ಪತ್ತೇದಾರಿ ಕಾದಂಬರಿಯ ಹುಚ್ಚು ನಮ್ಮಿಬ್ಬರಿಗೂ ಇತ್ತು. ಅವರು ಅರ್ಧ ಓದಿ ಪುಸ್ತಕ ಮುಚ್ಚಿಟ್ಟು, ಕೊಲೆಗಾರ ಯಾರೆಂದು ಚೀಟಿಯಲ್ಲಿ ಬರೆದೇ ಮುಂದೆ ಓದುತ್ತಿದ್ದರು. ಮೂರಕ್ಕೆ ಎರಡು ಸಲ ತಪ್ಪುತ್ತಿದ್ದರು. ತಪ್ಪಿದಾಗಲೆಲ್ಲ, "ಬರದಾವಗ ಬುದ್ಧಿ ಇಲ್ಲ" ಎಂದು ಚೀಟಿ ಹರಿದು ಒಗೆಯುತ್ತಿದ್ದರು.

ಅಂಥವರ ಕಪಾಟಿನಲ್ಲೇ ಕಳವಾಯಿತು. ನಾಲ್ಕು ಪತ್ತೇದಾರಿ ಕಾದಂಬರಿಗಳ ಕೊನೆಯ ಹಾಳೆಗಳೇ ಮಾಯ! ಮರಳಿ ಬಂದಾಗ ಬಾಯಾರು ಮೂಸಿದ್ದರು, ಕೊಡವಿದ್ದರು, ಕೊನೆಯ ಪುಟ ಮಾತ್ರ ತೆರೆದು ನೋಡಿರಲಿಲ್ಲ. ರಿಜಿಸ್ಟರ್ ತೆಗೆದರೆ ನಾಲ್ಕನ್ನೂ ಕೊನೆಗೆ ಒಯ್ದವನು ನಾನೇ. ಬೆಳಿಗ್ಗೆ ಪೇಪರ್ ಓದಲು ಬಂದು ಕೂರುವ ಹಿರಿಯರಿಗೆ ಅಷ್ಟು ಸಾಕಾಗಿತ್ತು. ಮಧ್ಯಾಹ್ನದೊಳಗೆ ಮಾತು ಶಾಲೆ ಮುಟ್ಟಿತು. "ಪುಸ್ತಕ ಹರೀಬ್ಯಾಡ್ರಿ ಅಂತ ಹುಡುಗರಿಗೆ ಯಾವ ಬಾಯಿಲೆ ಹೇಳ್ತೀರಿ?" ಎಂದು ಹೆಡ್‌ಮಾಸ್ತರರು ಎಲ್ಲರೆದುರೇ ಕೇಳಿಬಿಟ್ಟರು. ಹೊಸ ಊರು, ಹೊಸ ನೌಕರಿ. ಭೂಮಿ ಬಾಯ್ದೆರೆಯಬಾರದೇ ಅನಿಸಿತು. ನಾನಿದ್ದ ಮನೆಯಲ್ಲಿ ಕೂಡ ಯಾರಿಗೂ ಹೇಳಲಿಲ್ಲ.

ಮರುದಿನ ಬಾಯಾರು ನನ್ನನ್ನು ಕರೆಸಿದರು.

"ನೀವು ಓದುಮುಂದ ಕಡೀ ಹಾಳಿ ಇತ್ತೇನ್ರಿ?"

"ಇತ್ರಿ. ನಾಕರಾಗೂ ಇತ್ತು."

"ಹರದಾವ ಆಗಿದ್ರ ಇರಲಿಲ್ಲಂತ ಹೇಳ್ತಿದ್ದ. ನೀವು ನಿಮ್ಮ ಕೊಳ್ಳಿಗೆ ನೀವ ಹಗ್ಗ ಹಾಕೋತೀರಿ. ಇಂಥಾ ಮನಷ್ಯಾ ಕಳವು ಮಾಡೂದಿಲ್ಲ."

ಆಮೇಲೆ ಪುಸ್ತಕದ ಬೆನ್ನು ಅಗಲಿಸಿ ತೋರಿಸಿದರು. ಹಾಳೆ ಹೋದ ಜಾಗದಲ್ಲಿ ನೇರವಾದ ನೀರಿನ ಕಲೆ, ಅದರ ಮೇಲೆ ಬಿಳಿ ಪುಡಿ.

"ಬ್ಲೇಡ್ ಅಲ್ಲ, ಕತ್ತರಿ ಅಲ್ಲ. ನೀರಾಗ ಬೆರಳ ಅದ್ದಿ ಗೀರ ಎಳದಾರ, ಹಾಳಿ ಮೆತ್ತಗಾಗಿ ತಾನ ಬಂದೈತಿ. ಇದು ಜೋಳದ ಹಿಟ್ಟ. ನೀವಂತೂ ಕೈ ತೊಳಕೊಂಡ ಓದಾವ್ರು. ನಿಮ್ಮ ಮನ್ಯಾಗ ರೊಟ್ಟಿ ಬಡಿಯಾವ್ರು ಯಾರು?"

ನಾನು ಬಾಡಿಗೆಗಿದ್ದದ್ದು ನೀಲವ್ವನ ಮನೆಯ ಮುಂದಿನ ಕೋಣೆಯಲ್ಲಿ. ಹಿಂದಿನ ಪಡಸಾಲೆಯಲ್ಲಿ ಆಕೆ ಐದು ಜನ ಹೆಂಗಸರನ್ನು ಕಟ್ಟಿಕೊಂಡು ಮಾರಾಟಕ್ಕೆ ಖಡಕ್ ರೊಟ್ಟಿ ಮಾಡುತ್ತಿದ್ದಳು. ಓದಿ ಮುಗಿದ ಪುಸ್ತಕವನ್ನು ಕಿಟಕಿಯಲ್ಲಿಟ್ಟು, ಸೋಮವಾರ ಗ್ರಂಥಾಲಯಕ್ಕೆ ಮರಳಿಸುವುದು ನನ್ನ ಪದ್ಧತಿ. ನಡುವೆ ನಾನು ಶಾಲೆಯಲ್ಲಿರುವಾಗ ಅದು ಎಲ್ಲಿ ತಿರುಗಾಡಿ ಬರುತ್ತದೆಂದು ನಾನು ಕನಸಿನಲ್ಲೂ ಯೋಚಿಸಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಸದ್ದಿಲ್ಲದೆ ಹೋದೆವು. ನೀಲವ್ವ ಮಣೆಯ ಮೇಲೆ ಕೂತು, ನಾನು ಓದಿ ಕಿಟಕಿಯಲ್ಲಿಟ್ಟಿದ್ದ ಐದನೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಐವರ ಕೈ ದಬದಬ ರೊಟ್ಟಿ ಬಡಿಯುತ್ತಿತ್ತು. ಕತ್ತಲ ಕೋಣೆಯ ಬಾಗಿಲು ತೆರೆದುಕೊಂಡಿತು ಎಂಬಲ್ಲಿಗೆ ಬಂದಾಗ ಐದೂ ಕೈ ನಿಂತವು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಯಾರಿಗೂ ಅದರ ಪರಿವೆ ಇರಲಿಲ್ಲ.

ನಮ್ಮನ್ನು ಕಂಡು ನೀಲವ್ವ ಪುಸ್ತಕ ಮುಚ್ಚಿದಳು. ಕೊನೆಯ ಹಾಳೆ ಎಲ್ಲಿ ಎಂದು ಬಾಯಾರು ಕೇಳಿದ್ದೇ ತಡ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಐದು ಹಾಳೆ ತೆಗೆದು ಮುಂದಿಟ್ಟಳು.

"ಈ ಕಾಶೀಬಾಯಿಗೂ ಓದಾಕ ಬರ್ತೈತ್ರಿ ಬಾಯಾರ. ನಾ ನೀರ ಕುಡಿಯಾಕ ಎದ್ರ ಸಾಕು, ಕಡೀ ಹಾಳಿ ನೋಡಿ ಕೊಂದಾವ ಯಾರಂತ ಒದರಿಬಿಡ್ತಾಳ. ಅದಕ್ಕ ಮೊದಲ ದಿನಾನ ತಗದ ಇಡ್ತೇನ್ರಿ. ಹೊಳ್ಳಿ ಹಚ್ಚಬೇಕು ಅನ್ನೂದ್ರಾಗ ಈ ಮಾಸ್ತರು ಪುಸ್ತಕ ಒಯ್ದ ಕೊಟ್ಟಬಿಡ್ತಾರ." ಮತ್ತೆ ನನ್ನತ್ತ ತಿರುಗಿ, "ಒಂದ ಮಾತ ಕೇಳಿ ಒಯ್ಯಬೇಕೋ ಬ್ಯಾಡೋ ನೀವು?" ಎಂದು ನನ್ನನ್ನೇ ಗದರಿಸಿದಳು.

ಬಾಯಾರು ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. ಸೀದ ರೊಟ್ಟಿಯದೇ ಒಂದು ಚೂರು ಮುರಿದುಕೊಂಡು, "ಮೊದಲ ಓದಿ ಮುಗಸ್ರಿ. ಕೊಂದಾವ ಯಾರಂತ ತಿಳೀಲಿ. ಆಮ್ಯಾಲ ನಿಮ್ಮ ವಿಚಾರಣಿ" ಎಂದರು. ಅವರ ಪ್ರಕಾರ ಡಾಕ್ಟರನೇ ಕೊಂದಿದ್ದ. ಕೊನೆಯ ಹಾಳೆಯಲ್ಲಿ ಡಾಕ್ಟರನ ಹೆಂಡತಿ ಸಿಕ್ಕಿಬಿದ್ದಳು. ಹೆಂಗಸರು ಹೋ ಎಂದು ನಕ್ಕರು. ಬಾಯಾರು ಬರೆದವನನ್ನು ಎರಡೂ ಭಾಷೆಯಲ್ಲಿ ಬೈದರು.

ವಿಚಾರಣೆಯ ತೀರ್ಪು ಸೋಮವಾರ ಜಾರಿಯಾಯಿತು. ಬೆಳಿಗ್ಗೆ ಪೇಪರ್ ಮಂದಿಯೆಲ್ಲ ಸೇರಿದ್ದ ಹೊತ್ತಿಗೇ ನೀಲವ್ವ ಗ್ರಂಥಾಲಯದ ನಡುಮೇಜಿಗೆ ಕೂತು, ಹಿಟ್ಟಿನ ಅಂಟಿನಿಂದ ಒಂದೊಂದೇ ಹಾಳೆ ಹಚ್ಚಿದಳು. "ಮಾಸ್ತರದೇನೂ ತಪ್ಪಿಲ್ರೆಪಾ, ಹರದಾಕಿ ನಾನ!" ಎಂದು ಬಾಯಾರು ಹೇಳಿಕೊಟ್ಟದ್ದಕ್ಕಿಂತ ಜೋರಾಗಿಯೇ ಹೇಳಿದಳು. ಪೇಪರ್‌ಗಳೆಲ್ಲ ಮೇಲೇರಿ ಮುಖಗಳನ್ನು ಮುಚ್ಚಿದವು. ಅದೇ ದಿನ ಆರೂ ಹೆಂಗಸರ ಹೆಸರು ಸದಸ್ಯರ ಪಟ್ಟಿ ಸೇರಿತು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಬಾಯಾರನ್ನು ಬಿಟ್ಟು ಬೇರೆ ಹೆಂಗಸು ಕೂತದ್ದನ್ನು ನಾನು ನೋಡಿರಲಿಲ್ಲ. ನನಗಂತೂ ಹಬ್ಬದಂಥ ಖುಷಿ. ಹೆಡ್‌ಮಾಸ್ತರರು ಚಹಾ ಕುಡಿಸಿದರು.

ಆರು ವರ್ಷ ಕಳೆದು ನನಗೆ ಮುದ್ದೇಬಿಹಾಳದ ಕಡೆಗೆ ವರ್ಗವಾಯಿತು. ಹೊರಡುವ ದಿನ ಬಾಯಾರು ಬಸ್ ನಿಲ್ದಾಣಕ್ಕೆ ಬಂದರು. ಅದೂ ಇದೂ ಮಾತಾಡಿದರು. ಬಸ್ಸು ಬಂದು ನಿಂತಾಗ ನನ್ನ ತೋಳು ಹಿಡಿದರು.

"ಒಂದ ಮಾತ ಉಳದೈತ್ರಿ ಮಾಸ್ತರ. ರಿಜಿಸ್ಟರದಾಗ ನಿಮ್ಮ ಹೆಸರ ನೋಡಿದ ದಿನ, ಹರದಾವ್ರು ನೀವ ಅಂತ ನಾನೂ ತಿಳಕೊಂಡಿದ್ದೆ. ಒಂದ ಹಗಲು. ತಪ್ಪಾತು."

ಬಗ್ಗಿ ಕಾಲು ಮುಟ್ಟಿದೆ. "ಹತ್ರಿ ಹತ್ರಿ, ಸೀಟ ಹೋಗ್ತಾವ" ಎಂದು ಬೆನ್ನು ತಟ್ಟಿ ಕಳಿಸಿದರು. ಅದೇ ಕೊನೆಯ ಭೇಟಿ. ಹೋದ ವರ್ಷ ಬಾಯಾರು ತೀರಿಕೊಂಡ ಸುದ್ದಿಯನ್ನು ನೀಲವ್ವ ಫೋನಿನಲ್ಲಿ ಅಳುತ್ತಾ ಹೇಳಿದಳು. ಹಾಳೆ ಕಳವಾದ ಆ ವಾರ ನನ್ನನ್ನು ಸಂಶಯಿಸಿದವರು ಅರ್ಧ ಊರಿದ್ದರು. ಬಂದು ಒಪ್ಪಿಕೊಂಡವರು ಇಂದೂಬಾಯಾರು ಒಬ್ಬರೇ.