ಮೂರು ಬಗೆಯ ಸರ್ಜನ್ನರು ಮತ್ತು ಬಿಚ್ಚದ ಬೆರಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅಷ್ಟುದ್ದದ ಹೆಸರಿಗೆ ಯಾರ ನಾಲಗೆಯೂ ಹೊರಳುತ್ತಿರಲಿಲ್ಲವಾಗಿ ಎಲ್ಲರಿಗೂ ನಾನು ‘ಎಕ್ಸರ್‌ಸೈಜ್ ಮೇಡಮ್ಮು’. ಸೀಮೆಎಣ್ಣೆ ಸ್ಟೌ ಸಿಡಿದವರು, ಹೊಗೆಸೊಪ್ಪು ಬೇಯಿಸುವ ಕೋಣೆಯಾದ ಬ್ಯಾರನ್ನಿನಲ್ಲಿ ಬೆಂದವರು ಸುತ್ತಲ ತಾಲ್ಲೂಕುಗಳಿಂದ ಬರುತ್ತಲೇ ಇದ್ದುದರಿಂದ ನಮ್ಮಲ್ಲಿ ಸುಟ್ಟಗಾಯದ ವಾರ್ಡ್ ತೆರೆದರು. ಅದನ್ನು ನಡೆಸಲು ಒಂದು ಸಮಿತಿಯೂ ಆಯಿತು.

ಸಮಿತಿಯಲ್ಲಿ ಎಲ್ಲ ಬಗೆಯ ಪರಿಣತರೂ ಇರಬೇಕು ಎಂದು ಮುಖ್ಯ ಸರ್ಜನ್ ಘೋಷಿಸಿದರು. ಅದರಂತೆ ಜನರಲ್ ಸರ್ಜನ್ ಆಗಿ ಅವರೇ, ಒಬ್ಬ ಮೂಳೆ ಸರ್ಜನ್, ಮೈಸೂರಿನಿಂದ ಬಂದುಹೋಗುವ ಒಬ್ಬ ಪ್ಲಾಸ್ಟಿಕ್ ಸರ್ಜನ್ ಆಯ್ಕೆಯಾದರು. ಇದಕ್ಕಿಂತ ವೈವಿಧ್ಯ ಇನ್ನೇನು ಬೇಕು? ಹಗಲಿರುಳು ರೋಗಿಗಳ ಬಳಿಯೇ ಇರುತ್ತಿದ್ದ ಹೆಡ್ ನರ್ಸನ್ನೂ ಮರೆಯಲಿಲ್ಲ. ಸಭೆಗೆ ಕಾಫಿ ಕಳಿಸುವ ಹೊಣೆ ಅವರದಾಯಿತು.

ಆಗ ಕಂಪಲಾಪುರದ ಕಡೆಯ ಒಬ್ಬ ರೈತ ಹೆಂಗಸು ದಾಖಲಾದಳು. ಬ್ಯಾರನ್ನಿಗೆ ಬೆಂಕಿ ಬಿದ್ದಾಗ ಒಳಗಿದ್ದ ಗಂಡನನ್ನು ಹೊರಗೆಳೆಯಲು ಕೆಂಪಗೆ ಕಾದಿದ್ದ ಕಬ್ಬಿಣದ ಬಾಗಿಲನ್ನು ಬರಿಗೈಯಲ್ಲೇ ತಳ್ಳಿದ್ದಳು. ಗಂಡ ಕೆಮ್ಮುತ್ತ ಹೊರಬಂದ. ಇವಳ ಎರಡು ಅಂಗೈಗಳೂ ಬೆಂದುಹೋದವು. ಮುಖ್ಯ ಸರ್ಜನ್ ತೊಡೆಯ ಚರ್ಮ ತೆಗೆದು ಅಂದವಾಗಿ ಕೂರಿಸಿದರು. ಚೆನ್ನಾಗಿಯೇ ಕೂಡಿತು, ಅದರಲ್ಲಿ ನನ್ನ ತಕರಾರಿಲ್ಲ.

“ಬೆರಳು ಮಡಚಿಕೊಂಡು ಅಂಟಿಬಿಡ್ತವೆ ಸರ್, ಈಗಲೇ ಹಲಗೆ ಕಟ್ಟಿ ಬಿಡಿಸಿಡಬೇಕು” ಎಂದೆ.

“ಹಲಗೆ ಕಟ್ಟಿ ನನ್ನ ಕೆಲಸ ಕೆಡಿಸಬೇಡಿ” ಎಂದರು.

ಡ್ರೆಸಿಂಗಿಗೆ ಮೊದಲು ನೋವಿನ ಔಷಧಿ ಕೊಟ್ಟರೆ ಅವಳು ಕೈ ಆಡಿಸುತ್ತಾಳೆ ಎಂದು ಹೆಡ್ ನರ್ಸ್ ಹೇಳಿದರು. ಅದನ್ನು ಸಮಿತಿಯಲ್ಲಿ ಚರ್ಚಿಸುತ್ತೇವೆ ಎಂದರು ಮುಖ್ಯ ಸರ್ಜನ್. ಚರ್ಚಿಸುವಷ್ಟರಲ್ಲಿ ಅವಳು ಮನೆಗೆ ಹೋಗಿಯೂ ಆಗಿತ್ತು.

ಮರುವರ್ಷ ವಾರ್ಡಿನ ವಾರ್ಷಿಕೋತ್ಸವ. ಯಶಸ್ಸಿನ ಜೀವಂತ ಸಾಕ್ಷಿಯಾಗಿ ಅವಳನ್ನೇ ಕರೆಸಿ, ಹೊಸ ಸೀರೆ ಉಡಿಸಿ ವೇದಿಕೆ ಹತ್ತಿಸಿದರು. ಮುಖ್ಯ ಅತಿಥಿ ಆಸ್ಪತ್ರೆಗೆ ಜಾಗ ಕೊಟ್ಟಿದ್ದ ಒಬ್ಬ ಹಿರಿಯ ಹೆಂಗಸು. “ಅಮ್ಮನೋರಿಗೆ ಕೈ ಮುಗಿಯಮ್ಮ” ಎಂದರು ಮುಖ್ಯ ಸರ್ಜನ್. ಅವಳು ಮುಗಿದಳು. ಮಡಚಿಕೊಂಡ ಎರಡು ಮುಷ್ಟಿಗಳು ಒಂದಕ್ಕೊಂದು ತಾಗಿದವು. ಸರ್ಜನ್ ಮೆಲ್ಲಗೆ, “ಸರಿಯಾಗಿ ಜೋಡಿಸು” ಎಂದರು. ಮೈಕು ಅದನ್ನು ಊರಿಗೆಲ್ಲ ಕೇಳಿಸಿತು.

“ಅಷ್ಟೇ ಕಣ್ರೀ ಬರಾದು” ಎಂದಳು ಅವಳು. “ತೊಗ್ಲೇನೋ ಚೆಂದಾಗದೆ. ಬೆಳ್ಳು ಬಿಚ್ಚಾಕೆ ಆಯ್ತಿಲ್ಲ. ರೊಟ್ಟಿ ತಟ್ಟಾಕೂ ಆಯ್ತಿಲ್ಲ, ನನ್ ಗಂಡನೇ ತಟ್ತಾನೆ. ಅದುನ್ನ ತಿನ್ನಾಕಾಯ್ತದಾ, ಬುಡಿ.”

ಸಭೆ ನಕ್ಕಿತು. ಹಿರಿಯಮ್ಮ ನಗಲಿಲ್ಲ. “ಬೆರಳು ಬಿಚ್ಚಿಸೋ ಕೆಲಸ ಯಾರದು?” ಎಂದು ಕೇಳಿದರು. ಮೂವರು ಸರ್ಜನ್ನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೂಳೆಯವರು ಬಾಗಿಲ ಬಳಿ ನಿಂತಿದ್ದ ನನ್ನತ್ತ ಬೆರಳು ತೋರಿಸಿದರು. ಅವರ ಬೆರಳು ಚೆನ್ನಾಗಿಯೇ ಬಿಚ್ಚುತ್ತಿತ್ತು.

“ಇವರು ಕಮಿಟೀಲಿ ಯಾಕಿಲ್ಲ?”

“ಅದು ಡಾಕ್ಟರುಗಳ ಕಮಿಟಿ ಅಮ್ಮಾ.”

“ಕೈ ಇವಳದಲ್ವೇನಪ್ಪ?”

ಮುಂದಿನ ತಿಂಗಳು ಹೆಡ್ ನರ್ಸೂ ನಾನೂ ಸಮಿತಿಗೆ ಸೇರಿದೆವು. ಅಧ್ಯಕ್ಷತೆ ಸರದಿಯಂತೆ ಎಲ್ಲರಿಗೂ ಬರಬೇಕೆಂದು ಹಿರಿಯಮ್ಮ ಪಟ್ಟು ಹಿಡಿದರು. ಹೆಡ್ ನರ್ಸ್ ಅಧ್ಯಕ್ಷತೆಯ ಮೊದಲ ಸಭೆಯ ಹೊತ್ತಿಗೆ ಸರಿಯಾಗಿ ಇಬ್ಬರು ಸರ್ಜನ್ನರಿಗೆ ತುರ್ತು ಆಪರೇಷನ್ ಬಂತು. ಅವರಿಲ್ಲದೆ ಸಭೆ ಬೇಗ ಮುಗಿಯಿತು: ನೋವಿನ ಔಷಧಿ ಮೊದಲು, ಡ್ರೆಸಿಂಗ್ ಆಮೇಲೆ, ಕೈ ಆಡಿಸುವುದು ಮೊದಲ ವಾರದಿಂದಲೇ. ಬಂದಿದ್ದ ಪ್ಲಾಸ್ಟಿಕ್ ಸರ್ಜನ್ ಮರುಮಾತಿಲ್ಲದೆ ಒಪ್ಪಿ, ಆ ಹೆಂಗಸಿನ ಕೈಗಳಿಗೆ ಮತ್ತೆ ಆಪರೇಷನ್ ಮಾಡಿದರು. ಆಮೇಲಿನದು ನನ್ನ ಪಾಲು. ಆಸ್ಪತ್ರೆಯ ಅಡಿಗೆಮನೆಯಿಂದ ರಾಗಿಹಿಟ್ಟು ತಂದು ದಿನವೂ ತಟ್ಟಿಸಿದೆ. ಅವಳು ನನ್ನನ್ನು ಬಾಯ್ತುಂಬ ಬೈಯುತ್ತ ತಟ್ಟಿದಳು. ಬಲಗೈ ಪೂರ್ತಿ ಬಿಚ್ಚಿತು. ಎಡಗೈಯ ಕಿರುಬೆರಳು ಮಾತ್ರ ಇಂದಿಗೂ ಸೊಟ್ಟ.

ಮುಖ್ಯ ಸರ್ಜನ್ ನಿವೃತ್ತರಾದಾಗ ಬೀಳ್ಕೊಡುಗೆಯ ಭಾಷಣದಲ್ಲಿ, “ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕೆಂಬುದು ಮೊದಲಿನಿಂದಲೂ ನನ್ನ ತತ್ವ” ಎಂದರು. ಪಕ್ಕದಲ್ಲಿ ಕೂತಿದ್ದ ಹೆಡ್ ನರ್ಸ್ ನನ್ನ ಕಿವಿಯಲ್ಲಿ, “ಪಾಪ, ನಿಜ ಅಂತ್ಲೇ ನಂಬವ್ರೆ ಕಣೇ” ಎಂದರು.