ಕೋಣೆಗೆ ಹೊಣೆ ಯಾರು

ಜೀನತ್ ಹುಟ್ಟಿದ್ದು ಶಿರಸಿಯಲ್ಲಿ. ಆದರೆ ಅವಳ ಬಾಲ್ಯದ ರಜೆಗಳೆಲ್ಲ ಕಳೆದದ್ದು ಅಪ್ಪ ಹನೀಫನ ಲಾರಿಯಲ್ಲಿ. ತಾಯಿ ಬೇಗ ತೀರಿಕೊಂಡಿದ್ದಳು. ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ಹನೀಫ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕುಮಟೆಗೆ, ಹುಬ್ಬಳ್ಳಿಗೆ ಸರಕು ಒಯ್ಯುತ್ತಿದ್ದ. ಮುಸ್ಸಂಜೆಯಲ್ಲಿ ಊರುಗಳನ್ನು ಹಾಯುವಾಗ ಮನೆಗಳ ಕಿಟಕಿಗಳಲ್ಲಿ ದೀಪ ಹೊತ್ತಿಕೊಳ್ಳುತ್ತಿದ್ದವು. ಒಂದರಲ್ಲಿ ಹಸಿರು ಗೋಡೆ, ಇನ್ನೊಂದರಲ್ಲಿ ಗೂಟಕ್ಕೆ ಸಿಕ್ಕಿಸಿದ ಅಂಗಿ, ಮತ್ತೊಂದರಲ್ಲಿ ಬೆನ್ನು ತಿರುಗಿಸಿ ಕೂತ ಯಾರೋ. ಲಾರಿ ಮುಂದೆ ಹೋದರೂ ಆ ಕೋಣೆಗಳು ಹಿಂದೆ ಉಳಿಯುತ್ತಿರಲಿಲ್ಲ. ಅವಳ ಕಣ್ಣೊಳಗೆ ಸೇರಿಕೊಂಡು, ನಿದ್ದೆ ಹತ್ತಿದ ಮೇಲೆ ದೊಡ್ಡದಾಗುತ್ತಿದ್ದವು. ಅವಳು ಅವುಗಳ ಬಾಗಿಲು ತೆರೆದು ಒಳಗೆ ಹೋಗಿ ಗಾದಿಯ ಮೇಲೆ ಕೂತು ಬರುತ್ತಿದ್ದಳು.

ಶಾಲೆ ಮುಗಿಯುವ ಹೊತ್ತಿಗೆ ಹನೀಫ ಕೇಳಿದ, "ಮುಂದೆ ಎಂತ ಓದ್ತೀಯೇ ಬೇಟಿ?"

"ಕೋಣೆ," ಅಂದಳು ಜೀನತ್.

ಹನೀಫನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಒಳಾಂಗಣ ವಿನ್ಯಾಸ ಅಂತ ಒಂದು ಡಿಪ್ಲೊಮಾ ಇದೆಯೆಂದು ಯಾರೋ ಹೇಳಿದಾಗ, ಅದೇ ಲಾರಿಯಲ್ಲಿ ಅವಳ ಟ್ರಂಕು ಒಯ್ದು ಹಾಸ್ಟೆಲಿನ ಬಾಗಿಲಲ್ಲಿ ಇಳಿಸಿ ಬಂದ.

ಈಗ ಜೀನತ್‌ಗೆ ನಲವತ್ತರ ಆಸುಪಾಸು. ಶಿರಸಿಯ ದೇವಿಕೆರೆಯ ಹತ್ತಿರ ಒಂದು ಮಹಡಿಯ ಮೇಲೆ ಅವಳ ಕಚೇರಿ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ಅವಳು ಒಳಗಿಂದ ರೂಪಿಸಿದ ಮನೆಗಳಿವೆ, ಅಂಗಡಿಗಳಿವೆ, ಸಿದ್ದಾಪುರದಲ್ಲಿ ಒಂದು ಹಲ್ಲಿನ ದವಾಖಾನೆಯಿದೆ. ಕೆಲಸ ಒಪ್ಪಿಕೊಂಡ ಮೇಲೆ ಅವಳು ಅಳತೆಯ ಟೇಪು ಹಿಡಿಯುವುದು ಆಮೇಲೆ. ಮೊದಲು ಖಾಲಿ ಕೋಣೆಯಲ್ಲಿ ಚಾಪೆ ಹಾಸಿ ಸುಮ್ಮನೆ ಕೂರುತ್ತಾಳೆ. ಬಿಸಿಲು ಯಾವ ಗೋಡೆಯಿಂದ ಇಳಿದು ಯಾವ ಗೋಡೆ ಹತ್ತುತ್ತದೆ, ಅಡುಗೆಮನೆಯ ಸದ್ದು ಎಲ್ಲಿಯವರೆಗೆ ಬರುತ್ತದೆ ಎಂದು ನೋಡುತ್ತ ನೋಡುತ್ತ ಕಣ್ಣು ಅರೆಮುಚ್ಚುತ್ತದೆ. ಹುಲೇಕಲ್ಲಿನ ಒಂದು ಮನೆಯಲ್ಲಿ ಯಜಮಾನಿ ಲಕ್ಷ್ಮೀ ಚಹಾ ತಂದವಳು ಹೊಸ್ತಿಲಲ್ಲೇ ನಿಂತು ನಕ್ಕಿದ್ದಳು. "ಎಂತದೇ ತಂಗಿ, ಕೆಲಸಕ್ಕೆ ಹೇಳಿ ಬಂದವಳು ಇಲ್ಲೇ ಒರಗಿಬಿಟ್ಯಾ?"

"ಇಲ್ಲ ಅಕ್ಕ, ನಿಮ್ಮ ಕೋಣೆ ಎಂತೋ ಹೇಳ್ತಾ ಇತ್ತು."

ಮನೆಗಳಿಗೆ ಪರದೆ ಕಟ್ಟುವವಳೆಂದು ಜನ ಅವಳನ್ನು ಪರದೆ ಜೀನತ್ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಯಲ್ಲಾಪುರದ ವಾಚನಾಲಯದ ಸಂಗತಿ ನಡೆಯುವವರೆಗೆ.

ಅಲ್ಲಿಯ ಕೆಲವು ಹಿರಿಯರು ಸೇರಿ ಕಟ್ಟಿಕೊಂಡ ಒಂದು ಪುಟ್ಟ ಟ್ರಸ್ಟು, ಹಳೆಯ ಗೋದಾಮೊಂದನ್ನು ವಾಚನಾಲಯ ಮಾಡಿಕೊಡು ಎಂದು ಅವಳನ್ನು ಕರೆದಿತ್ತು. ಜೀನತ್ ಅಲ್ಲಿ ಮೂರು ಸಂಜೆ ಕೂತಳು. ಎತ್ತರದ ಕಿಟಕಿಯಿಂದ ಬೆಳಕು ಹಾಲು ಸುರಿದಂತೆ ನೆಲಕ್ಕೆ ಬೀಳುತ್ತಿತ್ತು. ಕಿಟಕಿಯ ಕೆಳಗೆ ಓದುವವರ ಬೆಂಚು, ಕೈಗೆಟುಕುವ ಗಿಡ್ಡ ಕಪಾಟುಗಳು, ಎತ್ತರದ ಒಂದೇ ಒಂದು ಕಪಾಟು ಹಿಂಬದಿಯ ಇಟ್ಟಿಗೆ ಗೋಡೆಗೆ ಬಿಗಿಯಾಗಿ. ಎಲ್ಲ ನಕ್ಷೆಯಾಯಿತು. ಸರ್ಕಾರದ ಅನುದಾನವಿದ್ದುದರಿಂದ ನಕ್ಷೆ ಒಂದು ಕಚೇರಿಯ ಮೇಜು ಹಾಯಬೇಕಿತ್ತು.

ಮೇಜಿನ ಹಿಂದಿದ್ದವರು ಕೇಳಿದರು, "ನೀವು ಎಂಜಿನಿಯರೋ, ಗುತ್ತಿಗೆದಾರರೋ?"

"ಒಳಾಂಗಣ ವಿನ್ಯಾಸಕಿ."

"ಅಂಥದ್ದೊಂದು ನಮ್ಮ ನಿಯಮದಲ್ಲಿ ಇಲ್ವಲ್ಲ ಮೇಡಂ."

ಕೆಟ್ಟ ಮನುಷ್ಯರೇನಲ್ಲ. ಕೂರಿಸಿ ಚಹಾ ಕೊಟ್ಟೇ ಕಳಿಸಿದರು. ಅವಳ ನಕ್ಷೆ ಯಾರೋ ಎಂಜಿನಿಯರರ ಸಹಿಯಲ್ಲಿ ಮುಂದೆ ಹೋಯಿತು. ಅಂದಿನಿಂದ ಆ ಕೋಣೆಗೂ ಅವಳಿಗೂ ಸಂಬಂಧವಿಲ್ಲವಾಯಿತು. ಕೆಲಸ ಹೇಗೆ ಸಾಗಿದೆಯೆಂದು ನೋಡಲು ಹೋದರೆ "ನೀವ್ಯಾರು?" ಎಂದರು. ಗುತ್ತಿಗೆದಾರ ತನಗೆ ಅನುಕೂಲವಾದಂತೆ ಎತ್ತರದ ಕಪಾಟನ್ನು ಇಟ್ಟಿಗೆ ಗೋಡೆಯಿಂದ ತಂದು ತೆಳುವಾದ ಪ್ಲೈವುಡ್ ಅಡ್ಡಗೋಡೆಗೆ ಮೊಳೆ ಹೊಡೆದ. ಉದ್ಘಾಟನೆಯಾಗಿ ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ದುರ್ಗಿ ಎಂಬವಳು ಕಪಾಟಿನ ಧೂಳು ಒರೆಸುತ್ತಿದ್ದಾಗ ಅದು ಪುಸ್ತಕಗಳ ಸಮೇತ ಅವಳ ಮೇಲೆ ಬಿತ್ತು. ದುರ್ಗಿ ಹತ್ತಿರದ ನಂದೊಳ್ಳಿಯವಳು, ದಿನವೂ ಬಂದು ವಾಚನಾಲಯದ ಬಾಗಿಲು ತೆಗೆದು ಗುಡಿಸುವವಳು. ಅವಳ ಹೆಗಲ ಮೂಳೆ ಮುರಿಯಿತು.

ಸುದ್ದಿ ತಿಳಿದು ಜೀನತ್ ನಂದೊಳ್ಳಿಗೆ ಹೋದಳು. ದುರ್ಗಿ ಕೈಗೆ ಜೋಲಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು.

"ಯಾರ್ನ ಕೇಳೂದು ಅಕ್ಕಾ? ಒಬ್ರನ್ನ ಕೇಳಿರೆ ಇನ್ನೊಬ್ರ ಬದಿಗೆ ಕೈ ತೋರಿಸ್ತ್ರು. ಗೋಡೆ, ಮೇಲಿನ ಮಾಡು ನೋಡಿ ಸಹಿ ಹಾಕದ್ದು, ಕಪಾಟು ನಂದಲ್ಲ ಅಂದ್ರು ಒಬ್ರು. ನಕ್ಷೆಲಿ ಇದ್ದಂಗೆ ಮಾಡದ್ದು ಅಂದ ಗುತ್ತಿಗೆದಾರ. ಅಂತೂ ಕಪಾಟು ತನ್ನಷ್ಟಕ್ಕೇ ಬಿತ್ತು ಅಂತಾಯ್ತು."

"ಆ ನಕ್ಷೆ ನಂದು," ಅಂದಳು ಜೀನತ್. "ನಾನು ಹಂಗೆ ಬರೆದಿರ್ಲಿಲ್ಲ. ಆದ್ರೆ ಕೋಣೆ ನಂದೇ."

ದುರ್ಗಿ ಅವಳ ಮುಖ ನೋಡಿದಳು. "ಹಂಗಾರೆ ನಿನ್ನ ಕೇಳೂದಾ?"

"ಕೇಳ್ಬೇಕಿತ್ತು. ನನ್ನನ್ನ ಕೇಳುವ ದಾರಿನೇ ಯಾರೂ ಇಟ್ಟಿಲ್ಲ."

ಹಿಂದಿರುಗುವಾಗ ಬಸ್ಸಿನ ಹೊರಗೆ ಮಂಜು ಕವಿದಿತ್ತು. ಕಿಟಕಿಗೆ ತಲೆಯಾನಿಸಿದವಳಿಗೆ ಮಂಪರು ಹತ್ತಿತು. ಉದ್ದನೆಯ ಪಡಸಾಲೆ, ಎರಡೂ ಬದಿಗೆ ಬಾಗಿಲುಗಳು. ಎಲ್ಲವೂ ಅವಳು ಮಾಡಿದ ಕೋಣೆಗಳೇ. ಯಾವ ಬಾಗಿಲ ಮೇಲೂ ಹೆಸರಿಲ್ಲ. ಒಳಗಿಂದ ಯಾರೋ ಮೆಲ್ಲಗೆ ಕೇಳುತ್ತಿದ್ದಾರೆ, ಯಾರಿದ್ದೀರಿ, ಯಾರಿದ್ದೀರಿ. ಅವಳು ಓಗೊಡುತ್ತಾಳೆ, ದನಿ ಹೊರಡುವುದಿಲ್ಲ. ಶಿರಸಿಯ ನಿಲ್ದಾಣದಲ್ಲಿ ಕಂಡಕ್ಟರ್ ತಟ್ಟಿ ಎಬ್ಬಿಸಿದಾಗ ಅವಳ ಮನಸ್ಸಿನಲ್ಲಿ ಒಂದು ಮಾತು ಸ್ಪಷ್ಟವಾಗಿ ಕೂತಿತ್ತು. ಕಟ್ಟಡ ವಿನ್ಯಾಸ ಮಾಡುವವರಿಗೆ ಕಾಯ್ದೆಯಿದೆ, ಪರಿಷತ್ತಿದೆ. ನಮಗೂ ಒಂದು ಬೇಕು. ಮರ್ಯಾದೆಗಲ್ಲ, ಹೊಣೆಗೆ.

ಮೂರು ತಾಲೂಕುಗಳಲ್ಲಿ ಇದೇ ಕೆಲಸ ಮಾಡುವವರನ್ನು ಅವಳು ಹುಡುಕಿ ಕರೆದಳು. ಸಿದ್ದಾಪುರದಿಂದ ಪ್ರಮೋದ ಬಂದ. ಬೆಂಗಳೂರಲ್ಲಿ ಓದಿ, ಅಲ್ಲಿರಲಾರೆನೆಂದು ಊರಲ್ಲೇ ನೆಲೆಸಿದವನು, ಚುರುಕು. ಯಲ್ಲಾಪುರದಿಂದ ದಿವ್ಯಾ ಬಂದಳು, ಅಂಗಡಿಗಳ ಒಳಾಂಗಣದಲ್ಲಿ ಪಳಗಿದವಳು. ಬನವಾಸಿಯಿಂದ ನಂದನ ಬಂದ. ಅವನ ಬಳಿ ಪದವಿಯಿರಲಿಲ್ಲ. ತಂದೆಯ ಬಡಗಿ ಕೆಲಸದಿಂದ ಶುರುಮಾಡಿ, ಈಗ ಇಡೀ ಮನೆಗಳನ್ನು ಒಪ್ಪಿಕೊಂಡು ಮಾಡುತ್ತಿದ್ದ. ಜೀನತ್‌ಳ ಕಚೇರಿಯಲ್ಲಿ ಭಾನುವಾರಗಳಂದು ಕೂತು ಮಾತಾಡಿ ಸಂಘ ಕಟ್ಟಿದರು. ಶಾಸಕರ ಮುಂದಿಡಲು ಬೇಡಿಕೆಯ ಕರಡನ್ನು ಪ್ರಮೋದನೇ ಬರೆದು ತಂದು ಓದಿದ. ಪರಿಷತ್ತು ಬೇಕು, ನೋಂದಣಿ ಬೇಕು, ನಕ್ಷೆಗೆ ನಮ್ಮದೇ ಸಹಿ ಬೇಕು, ಡಿಪ್ಲೊಮಾ ಅಥವಾ ಪದವಿ ಪಡೆದವರಷ್ಟೇ ಈ ವೃತ್ತಿ ಮಾಡಬೇಕು.

ನಂದನ ಎದ್ದು ನಿಂತ. "ಚಲೋ ಬರದೀರಿ. ಹಂಗಾರ ನಾ ಹೊರಡ್ತೀನ್ರಿ."

"ಯಾಕೆ, ಎಂತಾಯ್ತು?" ದಿವ್ಯಾ ಕೇಳಿದಳು.

"ನಿಮ್ಮ ಕಾಯ್ದೆ ಬಂದ ದಿನ ನಾ ಕಳ್ಳ ಆಗ್ತೀನಲ್ರಿ. ನನ್ನ ಮುಖಕ್ಕ ನಾನೇ ಬಾಗಲಾ ಹಾಕ್ಕೋಬೇಕೇನು?"

ಕೆರೆಯ ಮೇಲಿಂದ ಬಂದ ಗಾಳಿಗೆ ಮೇಜಿನ ಕಾಗದಗಳು ಸರಸರ ಎಂದವು. ಪ್ರಮೋದ ತಲೆ ಕೆರೆದುಕೊಂಡು, ತನ್ನ ಮನೆಮಾತಿನಲ್ಲೇ ಗೊಣಗಿದ, "ಆನು ಹಂಗೆ ಯೋಚನೆನೇ ಮಾಡಿದ್ನಿಲ್ಲೆ."

ಜೀನತ್‌ಗೆ ನಾಚಿಕೆಯಾಯಿತು. ಇಷ್ಟು ದಿನ ಕನಸಿನಲ್ಲಿ ಅವಳು ಕಟ್ಟುತ್ತಿದ್ದ ಕಾಯ್ದೆಯ ಮನೆಯಲ್ಲಿ ಬೆಳಕಿತ್ತು, ಗಾಳಿಯಿತ್ತು. ಹೊರಗೆ ಅಂಗಳದಲ್ಲಿ ಯಾರು ನಿಂತಿರುತ್ತಾರೆಂದು ಅವಳೂ ನೋಡಿರಲಿಲ್ಲ. "ಕೂರು ನಂದನ," ಅಂದಳು. "ಇದನ್ನ ನೀನೇ ಬರಿ. ನಿನ್ನಂಥವರು ಹೆಂಗೆ ಒಳಗೆ ಬರಬೇಕು ಅಂತ."

ಅವತ್ತು ಸಂಜೆಯವರೆಗೆ ಜಗಳವಾಡಿ ಬರೆದರು. ಓದಿದವರು ಓದಿನಿಂದ ಬರಲಿ. ಮಾಡಿ ಕಲಿತವರು ಮಾಡಿದ ಕೆಲಸ ತೋರಿಸಿ, ಪರೀಕ್ಷೆ ಕೊಟ್ಟು ಬರಲಿ. ಒಳಗೆ ಬಂದ ಮೇಲೆ ಇಬ್ಬರಿಗೂ ಹೊಣೆ ಒಂದೇ. ಪ್ರಮೋದ ಪರೀಕ್ಷೆ ಕಷ್ಟವಿರಬೇಕೆಂದ. ಇರಲಿ, ನಿಮಗೂ ಇಡ್ರಿ ಎಂದ ನಂದನ.

ಶಾಸಕರು ಮೊದಲು ನಕ್ಕರು. "ಪರದೆ ಕಟ್ಟೋರಿಗೂ ಒಂದು ಕಾಯ್ದೆಯೇನಮ್ಮ?" ಜೀನತ್ ವಾದಕ್ಕಿಳಿಯಲಿಲ್ಲ. ಜೊತೆಯಲ್ಲಿ ಬಂದಿದ್ದ ದುರ್ಗಿಯನ್ನು ಮುಂದೆ ಕೂರಿಸಿದಳು. ದುರ್ಗಿ ತನ್ನ ಹೆಗಲಿನ ಕತೆ ಹೇಳಿ, ಕೊನೆಗೆ ಅದೇ ಮಾತು ಕೇಳಿದಳು, "ನಾ ಯಾರ್ನ ಕೇಳೂದು ಸ್ವಾಮಿ?" ಶಾಸಕರ ನಗು ನಿಂತಿತು. ಕನ್ನಡಕ ತೆಗೆದು ಒರೆಸಿದರು. "ಬೆಳಗಾವಿ ಅಧಿವೇಶನದಲ್ಲಿ ಪ್ರಶ್ನೆ ಹಾಕ್ತೆ. ಉತ್ತರ ಎಂತ ಬರ್ತದೆ ಅಂತ ಹೇಳಲಾರೆ."

ಡಿಸೆಂಬರಿನ ಚಳಿಯಲ್ಲಿ ಸಂಘದವರು ಬೆಳಗಾವಿಗೆ ಹೋದರು. ಸ್ಟಿಯರಿಂಗ್ ಬಿಟ್ಟು ಎಷ್ಟೋ ವರ್ಷವಾಗಿದ್ದ ಹನೀಫನೂ ಹಟ ಹಿಡಿದು ಹೊರಟ. ಗುಡ್ಡದ ಮೇಲಿನ ಸೌಧ ಬೆಳಗಿನ ಮಂಜಿನಲ್ಲಿ ತೇಲುತ್ತಿರುವಂತೆ ಕಂಡಿತು. ಗ್ಯಾಲರಿಯಲ್ಲಿ ಕೂತ ಜೀನತ್‌ಗೆ ಕೆಳಗೆ ನಡೆಯುತ್ತಿದ್ದ ಮಾತುಗಳು ನೀರೊಳಗಿಂದ ಬಂದಂತೆ ಕೇಳುತ್ತಿದ್ದವು. ಅವಳ ಕಣ್ಣು ಛಾವಣಿಯಲ್ಲಿತ್ತು, ಅರ್ಧಚಂದ್ರದಂತೆ ಬಾಗಿದ ಕುರ್ಚಿಗಳ ಸಾಲಿನಲ್ಲಿತ್ತು. ಈ ಕೋಣೆಯನ್ನೂ ಯಾರೋ ಖಾಲಿಯಿದ್ದಾಗ ಕನಸಿನಲ್ಲಿ ಕಂಡಿರಬೇಕು. ಎಷ್ಟು ಎತ್ತರಕ್ಕೆ ದನಿ ಏರಬೇಕು, ಸಿಟ್ಟು ಬಂದವನು ಎದ್ದರೆ ಯಾರ ಮುಖ ಕಾಣಬೇಕು ಎಂದೆಲ್ಲ ಎಣಿಸಿರಬೇಕು. ಅವರ ಹೆಸರೇನಿತ್ತೋ.

ದಿವ್ಯಾ ಮೊಣಕೈ ತಿವಿದಳು. ಅವರ ಶಾಸಕರು ಎದ್ದು ನಿಂತಿದ್ದರು. "ಮಾನ್ಯ ಸಭಾಧ್ಯಕ್ಷರೇ, ರಾಜ್ಯದ ಒಳಾಂಗಣ ವಿನ್ಯಾಸಕಾರರಿಗೆ..." ಎಂಬ ಮಾತು ಮೈಕಿನಿಂದ ಹೊರಟು, ಗೋಡೆಗೆ ತಾಗಿ, ಗ್ಯಾಲರಿಯವರೆಗೆ ಏರಿ ಬಂತು. ಜೀನತ್‌ ಮುಂದಕ್ಕೆ ಬಾಗಿದಳು. ತನ್ನ ಕೆಲಸದ ಹೆಸರನ್ನು ಅಷ್ಟು ದೊಡ್ಡ ಕೋಣೆಯಲ್ಲಿ ಅವಳು ಹಿಂದೆ ಕೇಳಿರಲಿಲ್ಲ. ಮಂತ್ರಿಗಳು ಎದ್ದು, ಅಂಥ ಪ್ರಸ್ತಾವ ಸದ್ಯಕ್ಕೆ ಸರ್ಕಾರದ ಮುಂದಿಲ್ಲ, ಸದಸ್ಯರ ಕಳಕಳಿಯನ್ನು ಪರಿಶೀಲಿಸಲಾಗುವುದು ಎಂದರು. ಮುಂದಿನ ಪ್ರಶ್ನೆ ಯಾವುದೋ ಸೇತುವೆಯ ಬಗ್ಗೆ.

ಹೊರಗೆ ಬಂದ ಮೇಲೆ ಹನೀಫ ಕೇಳಿದ, "ಎಂತ ಅಂದ್ರು?"

"ಪರಿಶೀಲಿಸ್ತಾರಂತೆ."

"ಅಂದ್ರೆ?"

"ಇಲ್ಲ ಅನ್ಲಿಲ್ಲ ಅಬ್ಬಾ." ಅಪ್ಪನಿಗೆ ಹೇಳುತ್ತ ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಹನೀಫ ತನ್ನ ಶಾಲನ್ನು ಅವಳ ಹೆಗಲಿಗೆ ಹೊದಿಸಿದ.

ಕಾಯ್ದೆ ಇನ್ನೂ ಬಂದಿಲ್ಲ. ಆದರೆ ಮರುವರ್ಷ ಇಲಾಖೆಯೊಂದು ಬೆಂಗಳೂರಲ್ಲಿ ಅಭಿಪ್ರಾಯ ಕೇಳಲು ಸಭೆ ಕರೆದಾಗ ಶಿರಸಿಯ ಸಂಘಕ್ಕೂ ಕರೆ ಬಂತು. ಜೀನತ್ ತಾನು ಹೋಗದೆ ನಂದನನನ್ನೂ ಪ್ರಮೋದನನ್ನೂ ಕಳಿಸಿದಳು. ಬಸ್ಸಿನಲ್ಲಿ ಇಡೀ ದಾರಿ ಪರೀಕ್ಷೆಯ ವಿಷಯವಾಗಿ ಕಿತ್ತಾಡಿಕೊಂಡೇ ಹೋದರಂತೆ. ಮಾಡಿ ಕಲಿತವರ ದಾರಿಯ ಮಾತು ಆ ಸಭೆಯ ನಡಾವಳಿಯಲ್ಲಿ ಸೇರಿದೆ. ಅಷ್ಟರೊಳಗೆ ಸಂಘ ತಾನೇ ಒಂದು ಕಟ್ಟಳೆ ಮಾಡಿಕೊಂಡಿತು. ಸದಸ್ಯರು ಮುಗಿಸಿದ ಪ್ರತಿ ಕೋಣೆಯಲ್ಲಿ ಬಾಗಿಲ ಹಿಂದೆ ತಮ್ಮ ಹೆಸರಿನ ಒಂದು ಚಿಕ್ಕ ಹಿತ್ತಾಳೆ ಪಟ್ಟಿ ಹಚ್ಚಬೇಕು, ಸಂಘದ ವಿಳಾಸದ ಸಮೇತ. ಕಾನೂನಿನ ಬಲ ಅದಕ್ಕಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಹಡಿಯ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಒಬ್ಬ ಮುದುಕಿ ಬಂದಳು. ಬನವಾಸಿ ಕಡೆಯ ಪಾರ್ವತವ್ವ. ಜೀನತ್ ನೀರು ಕೊಟ್ಟು ಕೂರಿಸಿದಳು.

"ಸಂಘ ಅಂದ್ರ ಇದೇ ಏನ್ರಿ?"

"ಹೌದು ಅಜ್ಜಿ."

"ನಿಮ್ಮ ಪ್ರಮೋದ ಅನ್ನಾಂವ ನಮ್ಮ ಅಡಗಿಮನಿ ಮಾಡ್ಯಾನ. ನೋಡಾಕ ಅರಮನಿ ಆಗೇತಿ. ಆದ್ರ ಉಪ್ಪಿನ ಡಬ್ಬಿ ನನಗ ಎಟಕೂದಿಲ್ಲ. ಸೊಸಿ ಬರೂತನಕ ಸಪ್ಪಗ ಉಣಬೇಕೇನು? ಬಾಗಲಾ ಹಿಂದ ಹೆಸರು ಇತ್ತು, ಮೊಮ್ಮಗಳು ಓದಿ ಹೇಳಿದ್ಲು. ಕೇಳಾಕ ಬಂದೀನಿ."

ಸಂಘಕ್ಕೆ ಬಂದ ಮೊದಲ ದೂರು ಅದು. ಯಾವುದೋ ಹಬ್ಬದ ಬೆಳಗಿನಂತೆ ಜೀನತ್‌ಳ ಎದೆಯೊಳಗೆ ಏನೋ ತಿಳಿಯಾಗಿ ಹರಡಿತು. "ಕೇಳ್ರಿ ಅಜ್ಜಿ, ಜೋರಾಗಿ ಕೇಳ್ರಿ," ಎಂದು ಫೋನು ತೆಗೆದು ಪ್ರಮೋದನಿಗೆ ಹಚ್ಚಿ, ಪಾರ್ವತವ್ವನ ಕೈಗೆ ಕೊಟ್ಟಳು.

ಮರುದಿನ ಪ್ರಮೋದ ಸಿದ್ದಾಪುರದಿಂದ ಬಂದ. ಇಬ್ಬರೂ ಕೂಡಿ ಬನವಾಸಿಗೆ ಹೋದರು. ಪಾರ್ವತವ್ವನನ್ನು ಒಲೆಯ ಮುಂದೆ ನಿಲ್ಲಿಸಿ, "ಕೈ ಎತ್ರಿ, ಇನ್ನೊಂದು ಚೂರು, ನೋವಾಗ್ತದಾ?" ಎಂದು ಕೇಳುತ್ತ ಪ್ರಮೋದ ಅವಳ ಬೆರಳ ತುದಿ ಮುಟ್ಟಿದಲ್ಲಿ ಗೋಡೆಯ ಮೇಲೆ ಪೆನ್ಸಿಲಿನ ಗುರುತು ಹಾಕಿದ.